‘ತುರ್ತು ಸಂಪರ್ಕ’ದ ಖಾಲಿ ಚೌಕ: ವಲಸೆ ಮಹಿಳೆಯರ ಐದು ಮಂಗಳವಾರಗಳ ತರಗತಿ ಹೇಗಿತ್ತು?

ಮಗಳನ್ನು ಶಾಲೆಗೆ ಸೇರಿಸುವ ಅರ್ಜಿಯ ಮೂರನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ‘ತಂದೆ ತಾಯಿ ಸಿಗದಿದ್ದರೆ ಯಾರಿಗೆ ತಿಳಿಸಬೇಕು?’ ಅದರ ಕೆಳಗೆ ಹೆಸರು, ಸಂಬಂಧ, ಫೋನ್ ಸಂಖ್ಯೆ ಎಂದು ಮೂರು ಚೌಕಗಳು. ಹನ್ನೊಂದು ವರ್ಷ ಲೆಕ್ಕಪತ್ರ ಬರೆದ ಕೈ ನನ್ನದು. ನಮೂನೆ ಯಾವುದೇ ಇರಲಿ, ಖಾಲಿ ಬಿಟ್ಟು ಕೊಟ್ಟವಳಲ್ಲ. ಆದರೆ ಆ ಚೌಕಗಳ ಮುಂದೆ ಪೆನ್ನು ಹಾಗೇ ನಿಂತುಬಿಟ್ಟಿತು. ಪರದೇಶಕ್ಕೆ ಬಂದು ಹತ್ತೊಂಬತ್ತು ತಿಂಗಳಾಗಿತ್ತು. ಮೊಬೈಲಿನಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಹೆಸರುಗಳಿದ್ದವು. ಕರೆದರೆ ಅರ್ಧ ಗಂಟೆಯಲ್ಲಿ ಶಾಲೆಯ ಬಾಗಿಲಿಗೆ ಬಂದು ನಿಲ್ಲಬಲ್ಲವರು ಅವರಲ್ಲಿ ಒಬ್ಬರೂ ಇರಲಿಲ್ಲ. ಕೊನೆಗೆ ನಾದಿನಿಯ ಹೆಸರು ಬರೆದೆ. ಕಚೇರಿಯಲ್ಲಿದ್ದ ಮಹಿಳೆ ಸಂಖ್ಯೆಯ ಮೊದಲ ಅಂಕಿಗಳನ್ನು ನೋಡಿ, ಇದು ಬೇರೆ ದೇಶದ್ದಲ್ಲವೇ ಎಂದು ಕೇಳಿದರು. ಹೌದು ಎಂದೆ. ಅವರು ಮತ್ತೇನೂ ಹೇಳದೆ ಗೋಡೆಗೆ ಅಂಟಿಸಿದ್ದ ಒಂದು ಹಾಳೆಯತ್ತ ಕೈ ತೋರಿಸಿದರು.

‘ವಲಸೆ ಬಂದ ಮಹಿಳೆಯರಿಗೆ ಐದು ಮಂಗಳವಾರಗಳ ಗುಂಪು ತರಗತಿ. ಶುಲ್ಕವಿಲ್ಲ. ಮಕ್ಕಳನ್ನು ಕರೆತರಬಹುದು.’ ಈ ಮೂರು ವಾಕ್ಯಗಳಲ್ಲಿ ನನ್ನನ್ನು ಅಲ್ಲಿಗೆ ಎಳೆದೊಯ್ದದ್ದು ಮೂರನೆಯದು. ಮನೆಯಲ್ಲಿ ಎರಡು ವರ್ಷದ ಮಗನಿದ್ದ. ಅವನನ್ನು ಸೊಂಟದಿಂದ ಇಳಿಸಿ ಎರಡು ಗಂಟೆ ಕೂರಬಹುದು ಎಂಬುದಷ್ಟೇ ಆಗ ನನಗಿದ್ದ ಆಸೆ. ಮನಸ್ಸಿನ ಆರೋಗ್ಯ, ಸಾಮಾಜಿಕ ಬೆಂಬಲ ಇತ್ಯಾದಿ ದೊಡ್ಡ ಮಾತುಗಳು ಆ ಹಾಳೆಯ ಹಿಂಬದಿಯಲ್ಲಿದ್ದವು. ನಾನು ತಿರುಗಿಸಿ ನೋಡಿರಲಿಲ್ಲ.

ತರಗತಿ ಮುಗಿದು ಎಂಟು ತಿಂಗಳಾಯಿತು. ಸೇರಬಹುದೇ ಎಂದು ಆಗಾಗ ಯಾರಾದರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದಿಡುತ್ತಿದ್ದೇನೆ. ನಡೆಸಿದ ಸಂಸ್ಥೆಯ ಹೆಸರು ಹೇಳುವುದಿಲ್ಲ. ಈ ತರಗತಿಯನ್ನು ಹಲವು ದೇಶಗಳಲ್ಲಿ ಹಲವು ಸಂಸ್ಥೆಗಳು ನಡೆಸುತ್ತವೆ. ನನಗೆ ಸಿಕ್ಕ ಒಂದು ಕೋಣೆಯ ಕುಂದು ಎಲ್ಲರ ತಲೆಗೆ ಸುತ್ತಿಕೊಳ್ಳಬಾರದು. ಜೊತೆಗಿದ್ದ ಮಹಿಳೆಯರ ಕಥೆಗಳನ್ನೂ ಹೇಳುವುದಿಲ್ಲ, ಮೊದಲ ದಿನವೇ ಹಾಗೆ ಮಾತು ಕೊಟ್ಟಿದ್ದೇವೆ. ಎರಡು ಕಡೆ ಮಾತ್ರ ಆ ಗೆರೆ ದಾಟಿದ್ದೇನೆ. ಅದಕ್ಕೆ ಅವರ ಒಪ್ಪಿಗೆ ಇದೆ.

ಮೊದಲು, ಇದು ಏನು ಎಂಬುದು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ‘ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್’ ಎಂಬ ಕೈಪಿಡಿಯನ್ನು ಹೊರತಂದಿತು. ಎಲ್ಲರೂ ಪಿಎಂ ಪ್ಲಸ್ ಎನ್ನುತ್ತಾರೆ. 2020ರಲ್ಲಿ ಅದರ ಗುಂಪು ರೂಪದ ಕೈಪಿಡಿ ಬಂದಿತು. ಐದು ವಾರ, ವಾರಕ್ಕೊಂದು ಬೈಠಕ್, ನಾಲ್ಕು ಉಪಾಯಗಳು: ಉದ್ವೇಗ ಇಳಿಸಿಕೊಳ್ಳುವುದು, ಸಮಸ್ಯೆಯನ್ನು ಬಿಡಿಸಿ ನೋಡುವುದು, ನಿಂತುಹೋದ ಕೆಲಸವನ್ನು ಮತ್ತೆ ಶುರುಮಾಡುವುದು, ಆಸರೆಯನ್ನು ಗಟ್ಟಿಮಾಡಿಕೊಳ್ಳುವುದು. ಇದರ ವಿಶೇಷವೆಂದರೆ ನಡೆಸಲು ಮನೋವೈದ್ಯರು ಬೇಕಾಗಿಲ್ಲ. ತರಬೇತಿ ಪಡೆದ ಸಾಮಾನ್ಯರೇ ನಡೆಸುತ್ತಾರೆ, ಅನುಭವಿಗಳು ಅವರ ಮೇಲೆ ಕಣ್ಣಿಟ್ಟಿರುತ್ತಾರೆ. ತೀವ್ರ ಮಾನಸಿಕ ಕಾಯಿಲೆ ಇದ್ದವರಿಗೆ, ಜೀವ ಕಳೆದುಕೊಳ್ಳುವ ಯೋಚನೆಯಲ್ಲಿ ಇರುವವರಿಗೆ ಇದು ಸಾಲದು; ಅವರನ್ನು ತಜ್ಞರ ಬಳಿ ಕಳುಹಿಸಬೇಕೆಂದು ಕೈಪಿಡಿಯೇ ಹೇಳುತ್ತದೆ. ನಮ್ಮಲ್ಲಿ ಸೇರಿಸಿಕೊಳ್ಳುವ ಮೊದಲು ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಹಾಕಿ, ಆ ಪ್ರಶ್ನೆಯನ್ನು ನೇರವಾಗಿಯೇ ಕೇಳಿದರು. ಅದಕ್ಕೆ ಪೂರ್ಣ ಅಂಕ.

ಶುರುವಿನಲ್ಲಿ ನಾವು ಎಂಟು ಮಂದಿ, ಆರು ಭಾಷೆ. ಒಬ್ಬಳು ಗಂಡನ ಕೆಲಸದ ಹಿಂದೆ ಬಂದವಳು, ಅಂದರೆ ನಾನು. ಒಬ್ಬಳು ಗಂಡನನ್ನೂ ಮಕ್ಕಳನ್ನೂ ಊರಿನಲ್ಲಿ ಬಿಟ್ಟು ದುಡಿಯಲು ಬಂದವಳು. ಯುದ್ಧ ತಪ್ಪಿಸಿಕೊಂಡು ಬಂದವರು ಇಬ್ಬರು, ಓದಲು ಬಂದವಳು ಒಬ್ಬಳು. ಉಳಿದ ಮೂವರು ಯಾಕೆ ಬಂದರೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆಡೆ ಬಾಳುತ್ತಿದ್ದವರು ಸುಮಾರು 28.1 ಕೋಟಿ, ಅವರಲ್ಲಿ ಶೇಕಡ 48ರಷ್ಟು ಹೆಂಗಸರು. ಈ ಅಂಕಿಯನ್ನು ಮೊದಲ ಸಲ ಓದಿದಾಗ ನನಗೆ ಬೆರಗಾಯಿತು. ವಲಸಿಗ ಎಂದರೆ ಪೆಟ್ಟಿಗೆ ಹಿಡಿದ ಗಂಡಸು, ಅವನ ಹಿಂದೆ ಒಬ್ಬ ಹೆಂಡತಿ ಎಂಬ ಚಿತ್ರ ನನ್ನ ತಲೆಯಲ್ಲೂ ಇತ್ತು, ನಾನೇ ಆ ಹಿಂದಿನವಳಾದ್ದರಿಂದಲೋ ಏನೋ. ವೀಸಾದ ಕಾಗದದಲ್ಲಿ ನನ್ನ ಕಸುಬಿನ ಜಾಗದಲ್ಲಿ ‘ಅವಲಂಬಿತೆ’ ಎಂದಿದೆ.

ಮೊದಲ ಮಂಗಳವಾರ ಹೋದದ್ದು ನಮೂನೆಗಳಲ್ಲೇ. ನಮೂನೆ ಕಂಡರೆ ನನಗೆ ಖುಷಿ, ಉಳಿದವರಿಗೆ ಸುಸ್ತು. ಒಂದು, ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯು-9: ಕಳೆದ ಎರಡು ವಾರಗಳ ನಿದ್ದೆ, ಹಸಿವು, ಬೇಸರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಗರಿಷ್ಠ 27; ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ನನಗೆ 14 ಬಂದಿತು. ಇನ್ನೊಂದು ಆಸರೆಯ ಅಳತೆ. 1988ರಲ್ಲಿ ಗ್ರೆಗರಿ ಝಿಮೆಟ್ ಮತ್ತು ಸಂಗಡಿಗರು ರೂಪಿಸಿದ ಹನ್ನೆರಡು ಹೇಳಿಕೆಗಳು: ಮನೆಯವರ ಬಗ್ಗೆ ನಾಲ್ಕು, ಸ್ನೇಹಿತರ ಬಗ್ಗೆ ನಾಲ್ಕು, ಆಪ್ತರಾದ ಒಬ್ಬರ ಬಗ್ಗೆ ನಾಲ್ಕು. 1ರಿಂದ 7ರವರೆಗೆ ಗುರುತು ಹಾಕಬೇಕು. ಮನೆಯವರ ನಾಲ್ಕಕ್ಕೂ ನಾನು 7 ಹಾಕಿದೆ. ಸುಳ್ಳೇನೂ ಅಲ್ಲ, ಅಮ್ಮ ದಿನಕ್ಕೆರಡು ಸಲ ಕರೆ ಮಾಡುತ್ತಾಳೆ. ಆದರೆ ಅಮ್ಮನಿಗೆ ನಾನು ಹೇಳುವುದು ‘ಎಲ್ಲ ಚೆನ್ನಾಗಿದೆ’ ಎಂಬ ಒಂದೇ ಮಾತು. ಇಲ್ಲಿ ಮಗುವಿಗೆ ಜ್ವರ ಬಂದರೆ ಅಲ್ಲಿ ಅವಳ ರಕ್ತದೊತ್ತಡ ಏರುತ್ತದೆ. ಹಾಗಾಗಿ ಜ್ವರ ಇಳಿದ ಮೇಲೆಯೇ ಅವಳಿಗೆ ಜ್ವರದ ಸುದ್ದಿ. ಪುಸ್ತಕದಲ್ಲಿ ಜಮೆ ಇದೆ, ಪೆಟ್ಟಿಗೆಯಲ್ಲಿ ಹಣವಿಲ್ಲ ಎನ್ನುತ್ತಿದ್ದೆವು ನಮ್ಮ ಕಚೇರಿಯಲ್ಲಿ. ಹಾಗೆ.

ಇಲ್ಲೇ ಒಂದು ಒಳ್ಳೆಯ ವಿಷಯ ಹೇಳಬೇಕು. ಒಬ್ಬಳು ಮಾತು ದಾಟಿಸಲು ಹನ್ನೆರಡು ವರ್ಷದ ಮಗನನ್ನು ಕರೆತಂದಿದ್ದಳು. ನಡೆಸುತ್ತಿದ್ದ ಸಹಾಯಕಿ ಆ ಹುಡುಗನಿಗೆ ಚಿತ್ರ ಬಿಡಿಸುವ ಹಾಳೆ ಕೊಟ್ಟು ಹೊರಗೆ ಕೂರಿಸಿದಳು. ಫೋನಿನಲ್ಲಿ ದುಭಾಷಿ ಸಿಗುವವರೆಗೆ ತರಗತಿ ಶುರುಮಾಡಲೇ ಇಲ್ಲ. ನಲವತ್ತು ನಿಮಿಷ ಹೋಯಿತು, ಇಬ್ಬರು ಗೊಣಗಿದರು. ನನಗೆ ಮಾತ್ರ ಆಕೆಯ ಮೇಲೆ ನಂಬಿಕೆ ಹುಟ್ಟಿದ್ದು ಆಗಲೇ. ತನ್ನ ತಾಯಿ ರಾತ್ರಿ ಅಳುತ್ತಾಳೆಂದು ಮಗ ಬೇರೆ ಭಾಷೆಗೆ ತಿರುಗಿಸಿ ಹೇಳಬೇಕೇ? ಆಸ್ಪತ್ರೆಗಳಲ್ಲಿ ಇದು ನಡೆಯುವುದನ್ನು ಕಂಡಿದ್ದೇನೆ. ಮಕ್ಕಳು ಹೇಳಬೇಕಾದ್ದನ್ನು ನುಂಗಿಕೊಳ್ಳುತ್ತವೆ, ತಾಯಂದಿರು ಹೇಳಬೇಕಾದ್ದನ್ನು ಬಾಯಿಗೇ ತರುವುದಿಲ್ಲ.

ಉಸಿರಾಟದ ಪಾಠದ ಬಗ್ಗೆ ಹೆಚ್ಚು ಹೇಳಲಾರೆ. ಹೊಟ್ಟೆಯ ಮೇಲೆ ಕೈ ಇಟ್ಟು ನಿಧಾನವಾಗಿ ಉಸಿರಾಡುವುದು. ಕೆಲಸ ಮಾಡುತ್ತದೆ, ಈಗಲೂ ಮಾಡುತ್ತೇನೆ, ಹೆಚ್ಚಾಗಿ ಯಾವುದಾದರೂ ಕಚೇರಿಯ ಸರದಿಯಲ್ಲಿ ನಿಂತಾಗ.

ಎರಡನೆಯ ವಾರ ನನ್ನ ಪಾಲಿಗೆ ಹಬ್ಬ. ಸಮಸ್ಯೆಗಳನ್ನು ಪಟ್ಟಿ ಮಾಡಿ ಮೂರು ರಾಶಿ ಮಾಡಬೇಕು: ಬಗೆಹರಿಸಬಲ್ಲವು, ನಮ್ಮ ಕೈಯಲ್ಲಿಲ್ಲದವು, ಅಷ್ಟೇನೂ ಮುಖ್ಯವಲ್ಲದವು. ಬಗೆಹರಿಸಬಲ್ಲ ಒಂದನ್ನು ಆರಿಸಿ, ತುಂಡು ಮಾಡಿ, ತೋಚಿದ ಉಪಾಯಗಳನ್ನೆಲ್ಲ ಬರೆದು, ಒಂದನ್ನು ಹಿಡಿದು, ಯಾವ ದಿನ ಎಷ್ಟು ಗಂಟೆಗೆ ಮಾಡುತ್ತೇನೆಂದು ಗುರುತು ಹಾಕಿಕೊಳ್ಳಬೇಕು. ಲೆಕ್ಕ ತಾಳೆಯಾಗದಿದ್ದಾಗ ನಾವು ಮಾಡುತ್ತಿದ್ದದ್ದು ಇದೇ ತಾನೆ? ಇಡೀ ವರ್ಷದ ಪುಸ್ತಕವನ್ನು ದಿಟ್ಟಿಸಿ ಕೂತರೆ ತಲೆ ಸುತ್ತುತ್ತದೆ, ಒಂದು ತಿಂಗಳು ತೆಗೆದರೆ ತಪ್ಪು ಸಿಗುತ್ತದೆ. ಹತ್ತೊಂಬತ್ತು ತಿಂಗಳು ನಾನು ‘ನನಗೆ ಇಲ್ಲಿ ಯಾರೂ ಇಲ್ಲ’ ಎಂಬ ಒಂದೇ ಸಾಲನ್ನು ಹೊತ್ತು ತಿರುಗಿದ್ದೆ. ತುಂಡು ಮಾಡಿದಾಗ ಅದರಲ್ಲಿ ಐದು ಸಂಗತಿಗಳಿದ್ದವು: ಬಸ್ಸಿನಲ್ಲಿ ಮಾತನಾಡಲು ನಾಚಿಕೆ, ಮಗನನ್ನು ಒಂದು ಗಂಟೆ ನೋಡಿಕೊಳ್ಳುವವರಿಲ್ಲ, ಓದಿದ ಪದವಿಗೆ ಇಲ್ಲಿ ಬೆಲೆಯಿಲ್ಲ, ಗಂಡ ಮನೆಗೆ ಬರುವ ಹೊತ್ತಿಗೆ ಇಬ್ಬರಿಗೂ ಮಾತು ಮುಗಿದಿರುತ್ತದೆ, ಮತ್ತು ನಮ್ಮ ಭಾಷೆಯವರನ್ನು ಕಂಡರೆ ನಾನು ತಪ್ಪಿಸಿಕೊಳ್ಳುತ್ತೇನೆ.

ಆ ಐದನೆಯದನ್ನು ಬರೆದಾಗ ನನಗೇ ಆಶ್ಚರ್ಯ. ಪರದೇಶದಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಓಡಿ ಹೋಗಿ ಅಪ್ಪಿಕೊಳ್ಳಬೇಕಲ್ಲವೇ? ಮೊದಲ ಮೂರು ತಿಂಗಳು ಹಾಗೇ ಮಾಡಿದ್ದೆ. ಆಮೇಲೆ ಒಂದು ದಿನ, ನಾನು ಕೆಲಸ ಹುಡುಕುತ್ತಿದ್ದೇನೆ ಎಂದು ಒಬ್ಬರ ಬಳಿ ಹೇಳಿದ್ದು ಎರಡೇ ದಿನಗಳಲ್ಲಿ ಸಾಗರ ದಾಟಿ ಅತ್ತೆಯ ಕಿವಿ ಮುಟ್ಟಿತು, ‘ಗಂಡನ ಸಂಬಳ ಸಾಲುತ್ತಿಲ್ಲವಂತೆ’ ಎಂಬ ರೂಪದಲ್ಲಿ. ಅಂದಿನಿಂದ ನಮ್ಮವರ ನಡುವೆ ನನ್ನ ಬಾಯಿಗೆ ಬೀಗ. ವಲಸೆ ಹೋದವರಿಗೆ ಅವರ ಸಮುದಾಯವೇ ಆಸರೆ ಎಂದು ಎಲ್ಲರೂ ಹೇಳುತ್ತಾರೆ. ಅದು ಆಸರೆಯೂ ಹೌದು, ಕಾವಲೂ ಹೌದು. ಹೆಂಗಸಿನ ಪಾಲಿಗೆ ಕಾವಲು ತುಸು ಹೆಚ್ಚು. ಕೋಣೆಯಲ್ಲಿದ್ದ ಎಂಟು ಮಂದಿಯಲ್ಲಿ ಆರು ಮಂದಿ ಇದೇ ಮಾತನ್ನು ತಮ್ಮ ತಮ್ಮ ಭಾಷೆಯಲ್ಲಿ ಹೇಳಿದರು. ದುಭಾಷಿಗಳಿಗೆ ಅವತ್ತು ಬಿಡುವಿರಲಿಲ್ಲ.

ಅಪರಿಚಿತರು ಬೇಕಾಗುವುದು ಇಂಥಲ್ಲಿ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ಸಡಿಲ ನಂಟುಗಳ ಬಲದ ಬಗ್ಗೆ ಬರೆದಿದ್ದಾರೆ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದ ಪರಿಚಯದವರಿಂದ. ಕೆಲಸ ಸಿಗುವುದು ಹಲವು ಸಲ ಹಾಗೆಯೇ. ನನಗೂ ವಾರಕ್ಕೆ ಮೂರು ದಿನದ ಲೆಕ್ಕದ ಕೆಲಸ ಸಿಕ್ಕಿದ್ದು ಈ ತರಗತಿಯ ಒಬ್ಬಳ ಮನೆಯೊಡೆಯನಿಂದ. ಆಕೆಗೆ ನನ್ನ ಅತ್ತೆ ಗೊತ್ತಿಲ್ಲ, ನನಗೆ ಆಕೆಯ ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬರುವುದಿಲ್ಲ.

ಮೂರನೆಯ ವಾರ ಕೆಟ್ಟಿತು. ಪಾಠ ಸರಳ: ಬೇಸರವಾದಾಗ ಕೆಲಸ ಬಿಡುತ್ತೇವೆ, ಬಿಟ್ಟಷ್ಟೂ ಬೇಸರ ಹೆಚ್ಚುತ್ತದೆ, ಆದ್ದರಿಂದ ಚಿಕ್ಕದೊಂದನ್ನು ಹಿಡಿದು ಶುರುಮಾಡು. ಆದರೆ ಅಂದು ಮಕ್ಕಳನ್ನು ನೋಡಿಕೊಳ್ಳುವವಳು ಬರಲಿಲ್ಲ. ಬದಲಿ ವ್ಯವಸ್ಥೆ ಇರಲಿಲ್ಲ. ಏಳು ಮಕ್ಕಳು ಕೋಣೆಯೊಳಗೇ ಉಳಿದವು. ಒಂದು ಅತ್ತರೆ ಎರಡು ಅಳುತ್ತವೆ. ದುಭಾಷಿಯ ದನಿ ಯಾರಿಗೂ ಕೇಳಲಿಲ್ಲ. ನಮ್ಮಲ್ಲಿ ಅತಿ ಕಡಿಮೆ ಮಾತನಾಡುತ್ತಿದ್ದವಳು, ಮೂರು ಮಕ್ಕಳ ತಾಯಿ, ಅರ್ಧಕ್ಕೇ ಎದ್ದು ಹೋದವಳು ಮತ್ತೆ ಬರಲಿಲ್ಲ. ‘ಮಕ್ಕಳನ್ನು ಕರೆತರಬಹುದು’ ಎಂಬ ವಾಕ್ಯವನ್ನು ಮನೆಮನೆಯ ಬಾಗಿಲಲ್ಲಿ ಸಾರಿದ ಮೇಲೆ ಅದನ್ನು ಉಳಿಸಿಕೊಳ್ಳಬೇಕು. ಆಕೆಗೆ ಒಂದು ಫೋನ್ ಮಾಡಿದಿರಾ ಎಂದು ಮುಂದಿನ ವಾರ ಸಹಾಯಕಿಯನ್ನು ಕೇಳಿದೆ. ಮಾಡಬೇಕು ಎಂದಳು. ಈ ಉತ್ತರವನ್ನು ನಾನು ಇನ್ನೂ ಮರೆತಿಲ್ಲ. ಸಂಸ್ಥೆಯ ಅಭಿಪ್ರಾಯ ಪತ್ರದಲ್ಲೂ ಬರೆದೆ, ಉತ್ತರ ಬಂದಿಲ್ಲ. (ಇನ್ನೊಬ್ಬಳು ಕೆಲಸದ ಪಾಳಿ ಬದಲಾಗಿ ಬಿಟ್ಟಳು. ಅದಕ್ಕೆ ಯಾರನ್ನೂ ದೂರುವಂತಿಲ್ಲ.)

ನಾಲ್ಕನೆಯ ವಾರ. ಆಸರೆಯನ್ನು ಗಟ್ಟಿಮಾಡಿಕೊಳ್ಳುವ ಪಾಠ. ಹಾಳೆಯ ಹಿಂಬದಿಯನ್ನು ನಾನು ಅಷ್ಟರಲ್ಲಿ ಓದಿದ್ದೆ, ಇದಕ್ಕಾಗಿಯೇ ಕಾದಿದ್ದೆ. ಆಸರೆ ಎಂದರೆ ಒಂದೇ ಬಗೆಯದಲ್ಲ ಎಂದು ಶುರುವಾಯಿತು: ನಮ್ಮ ಮಾತು ಕೇಳಿಸಿಕೊಳ್ಳುವವರು, ಕೈಗೆ ಕೈ ಸೇರಿಸುವವರು, ದಾರಿ ಗೊತ್ತಿರುವ ಸಂಘ ಸಂಸ್ಥೆಗಳು, ಕಷ್ಟದ ಮಾತೇ ಎತ್ತದೆ ಸುಮ್ಮನೆ ಜೊತೆಗೆ ಹೊತ್ತು ಕಳೆಯುವವರು. ಆ ಕೊನೆಯದನ್ನು ಪಟ್ಟಿಗೆ ಸೇರಿಸಿದವರಿಗೆ ನಮಸ್ಕಾರ. ಕಷ್ಟ ಹೇಳಿಕೊಂಡರೆ ಹಗುರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳದೆ ನಗುವುದಕ್ಕೂ ಜನ ಬೇಕು ಎಂದು ಯಾರೂ ಹೇಳುವುದಿಲ್ಲ.

ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: ‘ನಿಮ್ಮ ಕಷ್ಟವನ್ನು ನಂಬಿಕೆಯಿಂದ ಯಾರ ಬಳಿ ಹೇಳಬಲ್ಲಿರಿ?’ ದುಡಿಯಲು ಬಂದವಳ ಸರದಿ ಬಂದಿತು. ಆಕೆ ಮನೆಗೆಲಸದವಳು, ಕೆಲಸ ಮಾಡುವ ಮನೆಯಲ್ಲೇ ವಾಸ. ಆಕೆ ದುಭಾಷಿಯ ಮೂಲಕ ಹೇಳಿದ್ದು ಇಷ್ಟು: ‘ಹೇಳಿಕೊಳ್ಳಲು ಜನ ಬೇಡ, ನನ್ನ ಪಾಸ್‌ಪೋರ್ಟ್ ಬೇಕು. ಅದು ಅವರ ಕಪಾಟಿನಲ್ಲಿದೆ.’

ಕೋಣೆ ತಣ್ಣಗಾಯಿತು. ಸಹಾಯಕಿ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. ಅಲ್ಲಿ ಇದಕ್ಕೆ ಉತ್ತರ ಇರಲಿಲ್ಲವೆಂದು ಕಾಣುತ್ತದೆ. ‘ನಿಮಗೆ ತುಂಬಾ ಕಷ್ಟವಾಗಿರಬೇಕು’ ಎಂದಳು, ಮುಂದಿನವಳ ಕಡೆ ತಿರುಗಿದಳು. ಸಹಾಯಕಿಯರು ಬುದ್ಧಿವಾದ ಹೇಳಬಾರದು, ಕೇಳಿಸಿಕೊಳ್ಳಬೇಕು ಎಂಬ ನಿಯಮ ಇದೆ, ಅದು ಒಳ್ಳೆಯದೇ. ಆದರೆ ಕೆಲವು ಸಂಗತಿಗಳು ಬುದ್ಧಿವಾದವಲ್ಲ, ಮಾಹಿತಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರಿಗಾಗಿಯೇ ಒಂದು ಒಡಂಬಡಿಕೆ ಅಂಗೀಕರಿಸಿದೆ, ಅದರ ಸಂಖ್ಯೆ 189. ಅದರ 9ನೆಯ ವಿಧಿಯಲ್ಲಿ ಪ್ರಯಾಣದ ಮತ್ತು ಗುರುತಿನ ಕಾಗದಗಳನ್ನು ಕೆಲಸದವರು ತಮ್ಮ ಬಳಿಯೇ ಇಟ್ಟುಕೊಳ್ಳಬಹುದು ಎಂದಿದೆ. ರಜೆಯ ದಿನ ಆ ಮನೆಯಲ್ಲೇ ಇರಬೇಕೆಂಬ ಕಟ್ಟುಪಾಡಿಲ್ಲ ಎಂದೂ ಇದೆ. ಒಡಂಬಡಿಕೆಯನ್ನು ಅನುಮೋದಿಸಿದ ದೇಶಗಳಿಗೆ ಮಾತ್ರ ಅದು ಕಟ್ಟು, ನಿಜ. ಆದರೆ ಇದು ನಿಮ್ಮ ಮನಸ್ಸಿನ ದುರ್ಬಲತೆಯಲ್ಲ, ನಿಮಗಾದ ಅನ್ಯಾಯ ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು. ನನ್ನಂಥವರ ವಿಷಯಕ್ಕೂ ಬರವಣಿಗೆ ಇದೆ: ಹೆಂಗಸರ ವಿರುದ್ಧದ ತಾರತಮ್ಯ ತಡೆಯುವ ವಿಶ್ವಸಂಸ್ಥೆಯ ಸಮಿತಿ 2008ರಲ್ಲಿ ಹೊರಡಿಸಿದ 26ನೆಯ ಶಿಫಾರಸು ಸ್ವಂತವಾಗಿ ದುಡಿಯಲು ಹೋದವರನ್ನೂ, ದುಡಿಯುವ ಗಂಡನನ್ನು ಸೇರಿಕೊಂಡವರನ್ನೂ, ಕಾಗದಪತ್ರವಿಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇವನ್ನೆಲ್ಲ ನಾನು ಆಮೇಲೆ ರಾತ್ರಿಗಳಲ್ಲಿ ಕೂತು ಓದಿದೆ. ಒಂದು ಪುಟದ ಕರಪತ್ರ ಮಾಡಿ ಮೇಜಿನ ಮೇಲೆ ಇಡಲು ಸಂಸ್ಥೆಗೆ ಎಷ್ಟು ಹೊತ್ತು ಬೇಕಿತ್ತು?

ಪಾಸ್‌ಪೋರ್ಟ್ ಮರಳಿ ಬಂದಿತು, ತರಗತಿಯಿಂದಲ್ಲ. ನನ್ನ ಎಡಗಡೆ ಕೂರುತ್ತಿದ್ದವಳಿಗೆ ಉಚಿತ ಕಾನೂನು ಸಲಹೆ ಕೊಡುವ ಒಂದು ಜಾಗ ಗೊತ್ತಿತ್ತು. ತರಗತಿ ಬಿಟ್ಟ ಮೇಲೆ ಮೆಟ್ಟಿಲ ಮೇಲೆ ವಿಷಯ ತೆಗೆದಳು. ಒಬ್ಬಳು ಜೊತೆಗೆ ಹೋದಳು, ಒಬ್ಬಳು ಬಸ್ಸಿನ ದಾರಿ ಬರೆದುಕೊಟ್ಟಳು, ನಾನು ಘಟನೆಗಳ ದಿನಾಂಕಗಳನ್ನು ಕ್ರಮವಾಗಿ ಪಟ್ಟಿ ಮಾಡಿದೆ. ಐದು ವಾರಗಳಲ್ಲಿ ಯಾರಿಗಾದರೂ ನಾನು ಉಪಯೋಗಕ್ಕೆ ಬಂದದ್ದು ಆ ಪಟ್ಟಿಯಲ್ಲಿ ಮೊದಲ ಸಲ. ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂದಿತು, ಉಸಿರಾಟದ ಅಭ್ಯಾಸ ಮಾಡದೆಯೇ.

ಆ ಮೆಟ್ಟಿಲುಗಳ ಬಗ್ಗೆ ಹೇಳಲೇಬೇಕು. ಬೀಗದ ಕೈ ಇದ್ದ ಮನುಷ್ಯ ಪ್ರತಿ ಮಂಗಳವಾರ ಇಪ್ಪತ್ತು ನಿಮಿಷ ತಡವಾಗಿ ಬರುತ್ತಿದ್ದ. ಸಂಸ್ಥೆಯವರು ಪ್ರತಿ ಸಲ ಕ್ಷಮೆ ಕೇಳುತ್ತಿದ್ದರು. ನಮ್ಮ ನಿಜವಾದ ತರಗತಿ ನಡೆದದ್ದು ಆ ಇಪ್ಪತ್ತು ನಿಮಿಷಗಳಲ್ಲಿ. ಯಾವ ವೈದ್ಯೆ ಹೆಂಗಸರ ಮಾತು ಪೂರ್ತಿ ಕೇಳುತ್ತಾರೆ, ಯಾವ ನಮೂನೆಗೆ ಯಾವ ಕಾಗದ ಲಗತ್ತಿಸಬೇಕು, ಯಾರ ಮಗುವಿಗೆ ಸಣ್ಣದಾದ ಬೂಟು ಯಾರ ಮಗುವಿಗೆ ಸರಿಹೋಗುತ್ತದೆ: ಎಲ್ಲ ಅಲ್ಲೇ. ದುಭಾಷಿ ಇಲ್ಲ. ಅರೆಬರೆ ಭಾಷೆ, ಕೈಸನ್ನೆ, ಮೊಬೈಲಿನ ಅನುವಾದ. ಒಮ್ಮೆ ಅನುವಾದದ ಯಂತ್ರ ನನ್ನ ‘ಬಾಡಿಗೆ ಮನೆ’ಯನ್ನು ಏನು ಮಾಡಿತೋ, ಎದುರಿಗಿದ್ದವಳು ಎದೆಯ ಮೇಲೆ ಕೈ ಇಟ್ಟು ಸಂತಾಪ ಸೂಚಿಸಿದಳು. ನಾಲ್ಕನೆಯ ವಾರದ ಪಾಠದಲ್ಲಿ ‘ಕಷ್ಟದ ಮಾತೆತ್ತದೆ ಜೊತೆಗೆ ಕಳೆಯುವ ಹೊತ್ತು’ ಎಂದರಲ್ಲ, ಅದನ್ನು ಬೀಗದವನು ನಮಗೆ ಮೊದಲ ವಾರದಿಂದಲೇ ಒದಗಿಸಿದ್ದ.

ಒಂದು ಪದದ ಮೇಲೆ ನನಗೆ ಸಿಟ್ಟಿದೆ. ಸಂಸ್ಥೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ರೆಸಿಲಿಯೆನ್ಸ್’ ಎಂದು ಬರೆದಿತ್ತು, ಕೆಳಗೆ ಬಿರುಕಿನಲ್ಲಿ ಅರಳಿದ ಹೂವಿನ ಚಿತ್ರ. ಕನ್ನಡದಲ್ಲಿ ಕೆಲವರು ಇದನ್ನು ಸ್ಥಿತಿಸ್ಥಾಪಕತ್ವ ಎನ್ನುತ್ತಾರೆ. ಶಾಲೆಯ ಭೌತಶಾಸ್ತ್ರದಲ್ಲಿ ಓದಿದ ನೆನಪಿರಬೇಕು: ಎಳೆದು ಬಿಟ್ಟರೆ ಸುರುಳಿ ತಂತಿ ಮೊದಲಿನ ಆಕಾರಕ್ಕೆ ಬರುವ ಗುಣ. ಅದೇ ಪಾಠದ ಮುಂದಿನ ಸಾಲಿನಲ್ಲಿ ಸ್ಥಿತಿಸ್ಥಾಪಕತ್ವದ ಮಿತಿಯ ಬಗ್ಗೆಯೂ ಇತ್ತು. ಆ ಮಿತಿ ದಾಟಿ ಎಳೆದರೆ ತಂತಿ ಹಿಂದಿರುಗುವುದಿಲ್ಲ. ಹೂವಿನ ಚಿತ್ರ ಹಾಕುವವರು ಆ ಸಾಲನ್ನು ಬಿಟ್ಟುಬಿಡುತ್ತಾರೆ. ಮನೆಮಾತಿನಲ್ಲಿ ಇದಕ್ಕೆ ಇನ್ನೂ ಹಳೆಯ ಪದವಿದೆ, ‘ಗಟ್ಟಿಗಿತ್ತಿ’. ನನ್ನನ್ನು ಎಲ್ಲರೂ ಹಾಗೆನ್ನುತ್ತಿದ್ದರು. ‘ಅವಳು ಗಟ್ಟಿಗಿತ್ತಿ, ಹೇಗೋ ನಿಭಾಯಿಸುತ್ತಾಳೆ.’ ಈ ಮಾತು ಒಮ್ಮೆ ಆಡಿದರೆಂದರೆ ಮುಗಿಯಿತು, ಹೇಗಿದ್ದೀಯ ಎಂದು ಮತ್ತೆ ಯಾರೂ ಕೇಳುವುದಿಲ್ಲ.

ಎಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದ್ದರು. ಬಡತನ, ಮನೆಯ ಜಗಳಗಳ ನಡುವೆ ಬೆಳೆದೂ ಸರಿಯಾಗಿ ನಿಂತ ಮಕ್ಕಳ ಹಿಂದೆ ಅವರು ಕಂಡದ್ದರಲ್ಲಿ ಒಂದು, ನೆಚ್ಚಿಕೊಳ್ಳಲು ಸಿಕ್ಕ ಒಬ್ಬ ಹಿರಿಯ ವ್ಯಕ್ತಿ. ಅಂದರೆ ತಂತಿಯ ಗುಣವೊಂದನ್ನೇ ನೋಡಿದರೆ ಸಾಲದು, ತಂತಿಯ ಇನ್ನೊಂದು ತುದಿಯನ್ನು ಯಾರು ಹಿಡಿದಿದ್ದಾರೆ ಎಂದೂ ನೋಡಬೇಕು. ಸಂಸ್ಥೆಯ ಗೋಡೆಗೆ ಇದನ್ನು ಬರೆಯಿರಿ ಎಂದರೆ ಚಿತ್ರ ಬಿಡಿಸುವುದು ಕಷ್ಟವೇನೋ.

ಐದನೆಯ ವಾರ ಚಿಕ್ಕದು, ಚೆನ್ನಾಗಿತ್ತು. ಕಲಿತದ್ದನ್ನು ಮರೆಯದಿರುವುದು ಹೇಗೆ ಎಂಬ ಮಾತು ಮುಗಿದ ಮೇಲೆ, ಕಷ್ಟದಲ್ಲಿರುವ ಒಬ್ಬಾಕೆಯ ಕಲ್ಪಿತ ಕಥೆ ಹೇಳಿ, ಆಕೆಗೆ ಏನು ಹೇಳುತ್ತೀರಿ ಎಂದು ಕೇಳಿದರು. ನಾಲ್ಕು ವಾರ ಪ್ರಶ್ನೆಗೆ ಪ್ರಶ್ನೆಯಲ್ಲೇ ಉತ್ತರಿಸುತ್ತಿದ್ದ ಸಹಾಯಕಿ ಈಗ ನಮ್ಮ ಸಲಹೆಯನ್ನು ಬರೆದುಕೊಳ್ಳುತ್ತಿದ್ದಳು! ಈ ದೇಶದಲ್ಲಿ ನನ್ನ ಸಲಹೆ ಕೇಳಿದ ಮೊದಲ ವ್ಯಕ್ತಿ ಆಕೆ. ಆರು ಮಂದಿಯೂ ಒಟ್ಟಿಗೆ ಮಾತನಾಡಿದೆವು.

ಕೊನೆಗೆ ಮತ್ತೆ ಆ ಒಂಬತ್ತು ಪ್ರಶ್ನೆಗಳು. 14 ಇದ್ದದ್ದು 7ಕ್ಕೆ ಇಳಿದಿತ್ತು. ಇಷ್ಟೂ ತರಗತಿಯ ಖಾತೆಗೆ ಬರೆದರೆ ತಪ್ಪು ಲೆಕ್ಕವಾಗುತ್ತದೆ. ಅದೇ ತಿಂಗಳು ಗಂಡನ ಪಾಳಿ ಬದಲಾಗಿ ಸಂಜೆ ಮನೆಯಲ್ಲಿರತೊಡಗಿದ್ದರು. ಆದರೆ ಇದು ಬರಿಯ ನನ್ನ ಅನಿಸಿಕೆಯಲ್ಲ. ಸಂಘರ್ಷ ಕಂಡಿದ್ದ ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ 612 ಮಹಿಳೆಯರ ಮೇಲೆ ಗುಂಪು ಪಿಎಂ ಪ್ಲಸ್ ಅನ್ನು ಪರೀಕ್ಷಿಸಿ ನೋಡಿದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಆತಂಕ, ಖಿನ್ನತೆ ಎರಡೂ ಕಡಿಮೆಯಾಗಿದ್ದವು. ಅಲ್ಲಿ ನಡೆಸಿದವರು ಅದೇ ನೆಲದ, ಅದೇ ಮಾತಿನ ಹೆಂಗಸರು. ಆರು ಭಾಷೆಗಳ ಕೋಣೆಯಲ್ಲಿ ಅಷ್ಟೇ ಫಲ ಬೇಕೆಂದರೆ ದುಭಾಷಿಗಳಿಗೂ ಮಕ್ಕಳ ಕೋಣೆಗೂ ಇನ್ನಷ್ಟು ತೆರಬೇಕು.

ಹಾಗಾಗಿ ನನ್ನ ಅಂಕ ಐದಕ್ಕೆ ಮೂರೂವರೆ. ಎರಡನೆಯ ವಾರಕ್ಕೇ ಎರಡು ಕೊಟ್ಟಿದ್ದೇನೆ. ಮಕ್ಕಳ ಕೋಣೆಗೆ, ಹೋದವಳಿಗೆ ಮಾಡದ ಫೋನಿಗೆ, ಆ ಪಾಸ್‌ಪೋರ್ಟಿನ ಮೌನಕ್ಕೆ ಒಂದೂವರೆ ಕಳೆದಿದ್ದೇನೆ. ನಿದ್ದೆ ಬಾರದೆ, ಯಾರ ಬಳಿಯೂ ಮಾತಿಲ್ಲದೆ, ಎಲ್ಲ ಸಮಸ್ಯೆಗಳೂ ಒಂದೇ ಮುದ್ದೆಯಾಗಿ ಕಾಣುತ್ತಿದ್ದರೆ ಖಂಡಿತ ಸೇರಿ. ನಿಮ್ಮ ಕಷ್ಟ ಕಾಗದಪತ್ರದ್ದೋ, ಸಂಬಳದ್ದೋ, ಹೊಡೆಯುವ ಕೈಯದ್ದೋ ಆಗಿದ್ದರೆ ಮೊದಲು ಕಾನೂನು ನೆರವಿನ ಬಾಗಿಲು ತಟ್ಟಿ, ಆಮೇಲೆ ಇಲ್ಲಿಗೆ ಬನ್ನಿ. ಸೇರುವ ಮೊದಲು ಮೂರು ಮಾತು ಕೇಳಿ: ನನ್ನ ಭಾಷೆಯ ದುಭಾಷಿ ಇದ್ದಾರೆಯೇ, ಮಕ್ಕಳನ್ನು ನೋಡಿಕೊಳ್ಳುವವರು ಬಾರದಿದ್ದರೆ ಏನು, ನಡುವೆ ನಾನು ಬಾರದೆ ಹೋದರೆ ಫೋನ್ ಮಾಡುತ್ತೀರಾ. ಮತ್ತು ಇಪ್ಪತ್ತು ನಿಮಿಷ ಮೊದಲೇ ಹೋಗಿ.

ತರಗತಿ ಮುಗಿದರೂ ನಮ್ಮ ಮಂಗಳವಾರ ಮುಗಿಯಲಿಲ್ಲ, ಜಾಗ ಬದಲಾಯಿತು ಅಷ್ಟೆ. ಮೂರು ಮಕ್ಕಳ ತಾಯಿಯನ್ನು ಹುಡುಕಿಕೊಂಡು ಹೋದವಳು ಆ ಪಾಸ್‌ಪೋರ್ಟಿನವಳೇ. ಈಗ ಆಕೆಯೂ ಬರುತ್ತಾಳೆ. ಹೋದ ತಿಂಗಳು ಬೇರೊಂದು ಶಾಲೆಯಿಂದ ನನಗೆ ಕರೆ ಬಂದಿತು. ಆಕೆಯ ನಡುವಿನ ಮಗನಿಗೆ ಜ್ವರ, ತಾಯಿ ಫೋನಿಗೆ ಸಿಗುತ್ತಿಲ್ಲ, ಅರ್ಜಿಯಲ್ಲಿ ನಿಮ್ಮ ಹೆಸರಿದೆ, ಬರಬಹುದೇ ಎಂದರು. ಬರುತ್ತೇನೆ ಎಂದೆ. ಫೋನಿನಲ್ಲಿದ್ದವರು ತುಸು ತಡೆದು, ‘ನೀವು ಅವರಿಗೆ ಏನಾಗಬೇಕು? ಸಂಬಂಧ ಎನ್ನುವ ಕಡೆ ಮಂಗಳವಾರ ಎಂದು ಬರೆದಿದೆ’ ಎಂದರು.

ಹೌದು, ಸರಿಯಾಗಿಯೇ ಬರೆದಿದ್ದಾಳೆ ಎಂದೆ. ಮಗನಿಗೆ ಬೂಟು ಹಾಕಿ, ಸೊಂಟಕ್ಕೆ ಏರಿಸಿಕೊಂಡು ಹೊರಟೆ.